ಐದಡಿ ಹನ್ನೊಂದು ಇಂಚಿನ ಪಾಸ್ ರಷರ್: ಎಲ್ವಿಸ್ ಡೂಮರ್ವಿಲ್ ಪ್ರಕರಣ

2005ರ ಅಮೆರಿಕನ್ ಕಾಲೇಜು ಫುಟ್‌ಬಾಲ್ ಋತುವಿನಲ್ಲಿ ಇಡೀ ದೇಶದಲ್ಲಿ ಅತಿ ಹೆಚ್ಚು ಸ್ಯಾಕ್ (ಚೆಂಡು ಎಸೆಯುವ ಮೊದಲೇ ಎಸೆತಗಾರನನ್ನು ಕೆಡವುವುದು) ಮಾಡಿದವರು ಲೂಯಿವಿಲ್ ವಿಶ್ವವಿದ್ಯಾಲಯದ ಡಿಫೆನ್ಸಿವ್ ಎಂಡ್, ಅಂದರೆ ರಕ್ಷಣಾ ಸಾಲಿನ ಅಂಚಿನಲ್ಲಿ ಆಡುವ ಎಲ್ವಿಸ್ ಡೂಮರ್ವಿಲ್. 20 ಸ್ಯಾಕ್, ಎದುರಾಳಿಯ ಕೈಯಿಂದ ಚೆಂಡು ಉದುರಿಸಿದ್ದು 10 ಸಲ. ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಸಲ್ಲುವ ಬ್ರಾಂಕೊ ನಗುರ್ಸ್ಕಿ ಟ್ರೋಫಿ, ಅತ್ಯುತ್ತಮ ಎಂಡ್‌ಗೆ ಸಲ್ಲುವ ಟೆಡ್ ಹೆಂಡ್ರಿಕ್ಸ್ ಪ್ರಶಸ್ತಿ ಎರಡೂ ಆ ವರ್ಷ ಅವರ ಪಾಲಾದವು. ಮುಂದಿನ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ವೃತ್ತಿಪರ ಲೀಗಿನ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ ನಡೆಯಿತು. ಮೊದಲ ದಿನದ ಮೂರು ಸುತ್ತು ಮುಗಿದರೂ ಅವರ ಹೆಸರು ಬರಲಿಲ್ಲ. ಎರಡನೇ ದಿನ, ನಾಲ್ಕನೇ ಸುತ್ತಿನಲ್ಲಿ, 125 ಹೆಸರು ಕೂಗಿ ಆದ ಮೇಲೆ ಡೆನ್ವರ್ ಬ್ರಾಂಕೋಸ್ ಅವರನ್ನು ತೆಗೆದುಕೊಂಡಿತು.

ತಡೆದದ್ದು ಮುಖ್ಯವಾಗಿ ಎತ್ತರ. 5 ಅಡಿ 11 ಇಂಚು, ಅಂದರೆ ಸುಮಾರು 180 ಸೆಂಟಿಮೀಟರ್. ತೂಕ 260 ಪೌಂಡಿನ ಆಸುಪಾಸು, 118 ಕಿಲೊ. ಆ ಕಾಲದಲ್ಲಿ ಎಂಡ್ ಸ್ಥಾನಕ್ಕೆ ತಂಡಗಳು ಹುಡುಕುತ್ತಿದ್ದದ್ದು 6 ಅಡಿ 3ರಿಂದ 6 ಅಡಿ 5 ಇಂಚಿನ, 270 ಪೌಂಡಿನ ದೇಹ. ಈ ಅಚ್ಚಿಗೆ ಡೂಮರ್ವಿಲ್ ಎಲ್ಲೂ ಕೂರುತ್ತಿರಲಿಲ್ಲ.

ಆಮೇಲೆ ನಡೆದದ್ದು ದಾಖಲೆಯಲ್ಲಿದೆ. ವೃತ್ತಿಜೀವನದಲ್ಲಿ 105.5 ಸ್ಯಾಕ್, ಐದು ಪ್ರೊ ಬೌಲ್ (ಲೀಗಿನ ತಾರೆಯರ ಪಂದ್ಯ), ಎರಡು ಸಲ ಆಲ್-ಪ್ರೊ (ವರ್ಷದ ಅತ್ಯುತ್ತಮರ ಪಟ್ಟಿ) ಮೊದಲ ತಂಡ. ಅದೇ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಹೋದ ಮಾರಿಯೊ ವಿಲಿಯಮ್ಸ್ ಗಳಿಸಿದ್ದು 97.5, 20ನೆಯವರಾಗಿ ಹೋದ ಟಾಂಬಾ ಹಾಲಿ 89.5. ಇಷ್ಟು ಹೇಳಿ ‘ಸ್ಕೌಟ್‌ಗಳಿಗೆ (ತಂಡಗಳ ಪರವಾಗಿ ಆಟಗಾರರನ್ನು ಅಳೆಯುವವರಿಗೆ) ಕಣ್ಣಿರಲಿಲ್ಲ’ ಎಂದು ಮುಗಿಸುವವರು ಬಹಳ. ನಾವು ಹಾಗೆ ಮುಗಿಸುವುದಿಲ್ಲ. ಅವರ ಅಂದಾಜು ಒಂದು ಕಡೆ ತಪ್ಪಿತ್ತು, ಇನ್ನೊಂದು ಕಡೆ ಸರಿಯಾಗಿಯೇ ಇತ್ತು. ಎಲ್ಲಿ ತಪ್ಪು, ಎಲ್ಲಿ ಸರಿ ಎಂದು ಬಿಡಿಸಿ ನೋಡಿದರೆ ಕಾಲೇಜಿನಿಂದ ಬರುವ ಯಾವ ಪಾಸ್ ರಷರ್‌ನನ್ನಾದರೂ ತೂಗುವ ಬಗೆ ಸಿಗುತ್ತದೆ.

ಈ ಆಟ ಹೊಸದಾದವರಿಗೆ ಎರಡು ಮಾತು. ಚೆಂಡನ್ನು ಮುಂದಕ್ಕೆ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನು ಎಸೆಯುವ ಮೊದಲೇ, ಆಟ ಶುರುವಾದ ಗೆರೆಯ ಹಿಂದೆಯೇ ಅವನನ್ನು ಕೆಡವಿದರೆ ಅದು ಸ್ಯಾಕ್. ಆ ಕೆಲಸಕ್ಕೆಂದೇ ಅಂಚಿನಿಂದ ನುಗ್ಗುವವನು ಪಾಸ್ ರಷರ್. ಅವನಿಗೆ ಅಡ್ಡ ನಿಲ್ಲುವವನು ಆಫೆನ್ಸಿವ್ ಟ್ಯಾಕಲ್, ಸಾಮಾನ್ಯವಾಗಿ ಆರೂಕಾಲು ಅಡಿಗೂ ಮೀರಿದ, 300 ಪೌಂಡು ದಾಟಿದ ಆಳು. ಇಬ್ಬರ ನಡುವಿನ ಜಟಾಪಟಿಗೆ ಸಿಗುವ ಸಮಯ ಎರಡೂವರೆಯಿಂದ ಮೂರು ಸೆಕೆಂಡು, ಅಷ್ಟೇ. ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಒಂದೊಂದೂ ಡೌನ್ (ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡು ಒದ್ದುಬಿಡುತ್ತಾರೆ), ಚೆಂಡು ಹಿಂದಕ್ಕೆ ಕೊಟ್ಟು ಆ ಯತ್ನ ಶುರುಮಾಡುವುದು ಸ್ನ್ಯಾಪ್.

20 ಎಂಬ ಅಂಕಿ

ಕಾಲೇಜಿನ ಸ್ಯಾಕ್ ಲೆಕ್ಕವನ್ನು ಇದ್ದ ಹಾಗೇ ನಂಬಬಾರದು. ಮೊದಲು ಅದನ್ನು ಒಡೆದು ನೋಡಬೇಕು. ಡೂಮರ್ವಿಲ್ ಅವರ 20ರಲ್ಲಿ 6 ಬಂದದ್ದು ಒಂದೇ ಪಂದ್ಯದಲ್ಲಿ, ಋತುವಿನ ಮೊದಲ ಪಂದ್ಯದಲ್ಲಿ, ನೆರೆಯ ಕೆಂಟಕಿ ವಿಶ್ವವಿದ್ಯಾಲಯದ ಎದುರು. ಒಂದು ಪಂದ್ಯದಲ್ಲಿ ಆರು ಅಂದರೆ ಎದುರಿನ ಟ್ಯಾಕಲ್‌ಗೆ ಅಂದು ಉತ್ತರವೇ ಹೊಳೆಯಲಿಲ್ಲ, ಅವನ ಕೋಚ್ ನೆರವಿಗೆ ಇನ್ನೊಬ್ಬನನ್ನು ಕಳಿಸಲೂ ಇಲ್ಲ ಎಂದರ್ಥ. ವೃತ್ತಿಪರ ಲೀಗಿನಲ್ಲಿ ಎರಡನೇ ಸ್ಯಾಕ್ ಆಗುವ ಹೊತ್ತಿಗೆ ಆ ಬದಿಗೆ ಟ್ಯಾಕಲ್‌ನ ಪಕ್ಕ ನಿಂತು ನೆರವಾಗುವ ಟೈಟ್ ಎಂಡ್ ಬಂದು ನಿಂತಿರುತ್ತಾನೆ. ಹಾಗಾಗಿ ಈ ಆರನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ನೋಡುವುದು ರೂಢಿ. ಲೂಯಿವಿಲ್ ಆ ಋತುವಿನಲ್ಲಿ 12 ಪಂದ್ಯ ಆಡಿತು. ಉಳಿದ 11ರಲ್ಲಿ 14 ಸ್ಯಾಕ್, ಪಂದ್ಯಕ್ಕೆ ಒಂದೂಕಾಲಿಗಿಂತ ತುಸು ಹೆಚ್ಚು. ದೊಡ್ಡ ದಿನವನ್ನು ಕಳೆದ ಮೇಲೂ ಇಷ್ಟು ಉಳಿಯುವುದಾದರೆ ಆ ಅಂಕಿ ಗಟ್ಟಿ.

ಎರಡನೆಯದು ಎದುರಾಳಿಗಳ ಮಟ್ಟ. ಲೂಯಿವಿಲ್ ಬಿಗ್ ಈಸ್ಟ್ ಲೀಗಿಗೆ ಸೇರಿದ್ದೇ ಆ ವರ್ಷ. ದಕ್ಷಿಣದ ಎಸ್‌ಇಸಿಯಂತೆ ವಾರವಾರವೂ ಮುಂದೆ ವೃತ್ತಿಪರರಾಗುವ ಟ್ಯಾಕಲ್‌ಗಳು ಎದುರಾಗುವ ಲೀಗ್ ಅದಲ್ಲ. ಇದಕ್ಕೆ ಒಂದಿಷ್ಟು ಅಂಕ ಕಳೆಯುವುದು ನ್ಯಾಯವೇ. ಆದರೆ ಟೆರೆಲ್ ಸಗ್ಸ್ ಅರಿಜೋನ ಸ್ಟೇಟ್‌ನಲ್ಲಿ 2002ರಲ್ಲಿ 24 ಸ್ಯಾಕ್ ಮಾಡಿದ್ದರು, ಓಟದ ಪರೀಕ್ಷೆಯಲ್ಲಿ ನಿಧಾನ ಎನ್ನಿಸಿಕೊಂಡರೂ ಡ್ರಾಫ್ಟ್‌ನಲ್ಲಿ 10ನೆಯವರಾಗಿ ಹೋದರು. 24ಕ್ಕೆ 10ನೇ ಸ್ಥಾನ, 20ಕ್ಕೆ 126ನೇ ಸ್ಥಾನ. ಈ ಅಂತರವನ್ನು ಎದುರಾಳಿಗಳ ಮಟ್ಟ ಒಂದೇ ವಿವರಿಸಲಾರದು. ಸಗ್ಸ್ 6 ಅಡಿ 3 ಇಂಚು ಇದ್ದರು.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು: ಆ 10 ಫಂಬಲ್, ಅಂದರೆ ಉದುರಿಸಿದ ಚೆಂಡು. ಕ್ವಾರ್ಟರ್‌ಬ್ಯಾಕ್ ತಾನೇ ಓಡಿ ಬಂದು ತೆಕ್ಕೆಗೆ ಬಿದ್ದರೂ ಸ್ಯಾಕ್ ಲೆಕ್ಕಕ್ಕೆ ಬರುತ್ತದೆ. ಕವರೇಜ್ (ಚೆಂಡು ಹಿಡಿಯುವವರ ಮೇಲಿನ ಕಾವಲು) ಚೆನ್ನಾಗಿದ್ದು ಅವನು ನಾಲ್ಕು ಸೆಕೆಂಡು ಚೆಂಡು ಹಿಡಿದು ನಿಂತರೂ ಬರುತ್ತದೆ. ಆದರೆ ಎಸೆಯುವ ತೋಳನ್ನು ಹಿಂದಿನಿಂದ ಹೊಡೆದು ಚೆಂಡು ಉದುರಿಸಬೇಕಾದರೆ ರಷರ್ ಸಮಯಕ್ಕೆ ಸರಿಯಾಗಿ ಅಲ್ಲಿರಬೇಕು, ಮೈ ಹತೋಟಿಯಲ್ಲಿರಬೇಕು, ಕೈ ಖಾಲಿಯಿರಬೇಕು, ಕೈ ಅಷ್ಟು ದೂರ ಚಾಚಬೇಕು. ಒಂದು ಋತುವಿನಲ್ಲಿ ಹತ್ತು ಸಲ ಅದೃಷ್ಟದಿಂದ ಹಾಗಾಗುವುದಿಲ್ಲ.

ಟೇಪು ಹಿಡಿದು ಅಳೆದದ್ದು, ಅಳೆದೂ ಬಿಟ್ಟದ್ದು

ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್‌ನಲ್ಲಿ, ಅಂದರೆ ಡ್ರಾಫ್ಟ್‌ಗೆ ಮುಂಚಿನ ದೈಹಿಕ ಪರೀಕ್ಷೆಯಲ್ಲಿ, ಆಟಗಾರನ ಎತ್ತರವನ್ನು ನಾಲ್ಕು ಅಂಕಿಯಲ್ಲಿ ಬರೆಯುತ್ತಾರೆ. ಮೊದಲ ಅಂಕಿ ಅಡಿ, ನಡುವಿನ ಎರಡು ಇಂಚು, ಕೊನೆಯದು ಇಂಚಿನ ಎಂಟನೇ ಒಂದಂಶ. 6035 ಎಂದರೆ 6 ಅಡಿ 3 ಇಂಚು, ಅದರ ಮೇಲೆ ಎಂಟನೇ ಐದು. ಪಟ್ಟಿಯಲ್ಲಿ ಈ ಅಂಕಿ 5ರಿಂದ ಶುರುವಾದ ಎಂಡ್ ಕಂಡರೆ ಬಹಳ ತಂಡಗಳು ಅಲ್ಲಿಗೇ ಪುಟ ಮಗುಚುತ್ತಿದ್ದವು. ಮೇಜಿನ ಮೇಲೆ ಇನ್ನೂರು ಮುನ್ನೂರು ಹೆಸರಿರುವಾಗ ಒಂದು ಕನಿಷ್ಠ ಮಿತಿ ಹಾಕಿಕೊಳ್ಳುವುದು ಕೆಲಸ ಸುಲಭ ಮಾಡುತ್ತದೆ. ಮಿತಿ ಯಾತಕ್ಕೆ ಹಾಕಿದ್ದು ಎಂಬುದು ಮರೆತುಹೋಗುವುದೇ ತೊಂದರೆ.

ಎಂಡ್‌ಗೆ ಎತ್ತರ ಬೇಕು ಎಂದದ್ದು ಯಾಕೆ? ಎತ್ತರ ಇದ್ದವನಿಗೆ ಸಾಮಾನ್ಯವಾಗಿ ತೋಳೂ ಉದ್ದ ಇರುತ್ತದೆ. ಬೇಕಾದದ್ದು ತೋಳು, ಎತ್ತರ ಅದಕ್ಕೆ ಕುರುಹು ಮಾತ್ರ. ತೋಳನ್ನು ಭುಜದ ಮೂಳೆಯ ತುದಿಯಿಂದ ನಡುಬೆರಳಿನ ತುದಿವರೆಗೆ ಅಳೆಯುತ್ತಾರೆ. ಟ್ಯಾಕಲ್‌ಗೆ 34 ಇಂಚು ಇದ್ದರೆ ನಿಶ್ಚಿಂತೆ, 33ಕ್ಕಿಂತ ಇಳಿದರೆ ಅನುಮಾನ. ಡೂಮರ್ವಿಲ್ ಅವರ ತೋಳು ಅವರ ಎತ್ತರಕ್ಕೆ ಹೊಂದುವಂಥದ್ದಲ್ಲ, ತಮಗಿಂತ ಮೂರು ನಾಲ್ಕು ಇಂಚು ಎತ್ತರದವರ ತೋಳು. ಅಂದರೆ ಕುರುಹು ಸುಳ್ಳಾದ ಅಪರೂಪದ ದೇಹ ಅದು: ಗಿಡ್ಡ ಮೈ, ಉದ್ದ ತೋಳು. ಎತ್ತರದ ಕಲಮಿನಲ್ಲಿ ಕಳೆದ ಅಂಕವನ್ನು ತೋಳಿನ ಕಲಮಿನಲ್ಲಿ ಮರಳಿ ಕೊಡಬೇಕಿತ್ತು. ಬಹಳ ಕಡೆ ಕೊಡಲಿಲ್ಲ.

ಉಳಿದ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 40 ಗಜದ ಓಟದಲ್ಲಿ ಪಾಸ್ ರಷರ್‌ಗೆ ಅರ್ಥವಿರುವುದು ಮೊದಲ 10 ಗಜದ ಸಮಯಕ್ಕೆ ಮಾತ್ರ. ಮೂರು ಕೋನಿನ ಸುತ್ತಾಟ ಬಳುಕಿ ತಿರುಗುವ ಶಕ್ತಿಯನ್ನು ತೋರಿಸುತ್ತದೆ. 225 ಪೌಂಡ್ ಬೆಂಚ್ ಪ್ರೆಸ್ ಎಷ್ಟು ಸಲ ಎತ್ತಿದ ಎಂಬುದು ಹೆಚ್ಚಿಗೇನೂ ಹೇಳುವುದಿಲ್ಲ. ಒಹಾಯೊ ಸ್ಟೇಟ್‌ನ ವರ್ನನ್ ಗೋಲ್‌ಸ್ಟನ್ 2008ರಲ್ಲಿ ಅದನ್ನು 37 ಸಲ ಎತ್ತಿದರು, ಆರನೆಯವರಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿದರು, ಮೂರು ಋತು 45 ಪಂದ್ಯ ಆಡಿ ಒಂದೇ ಒಂದು ಸ್ಯಾಕ್ ಇಲ್ಲದೆ ಹೊರಬಂದರು. ಎದುರಿಗೆ ಕೈ ಹಾಕುವ ಆಳಿಲ್ಲದೆ ಬರೀ ಕಬ್ಬಿಣ ಎತ್ತುವುದು ಬೇರೆ, ಕೈಯ ಮೇಲೆ ಕೈ ಬೀಳುವಾಗ ದಾರಿ ಮಾಡಿಕೊಳ್ಳುವುದು ಬೇರೆ.

ಎರಡೂವರೆ ಸೆಕೆಂಡಿನೊಳಗೆ

ಗಿಡ್ಡ ಮೈ, ಉದ್ದ ತೋಳು ಒಟ್ಟಿಗಿದ್ದರೆ ಯಾಕೆ ಲಾಭ ಎಂಬುದನ್ನು ಒಂದು ಸ್ನ್ಯಾಪನ್ನು ನಿಧಾನವಾಗಿ ಓಡಿಸಿ ನೋಡಬೇಕು.

ರಷರ್ ಒಂದು ಕೈ ನೆಲಕ್ಕೂರಿ ಕೂತಿದ್ದಾನೆ, ಟ್ಯಾಕಲ್‌ನ ಹೊರಭುಜದಾಚೆ. ಕಣ್ಣು ಚೆಂಡಿನ ಮೇಲೆ, ಕಿವಿ ಮುಚ್ಚಿದ ಹಾಗೆ. ಕ್ವಾರ್ಟರ್‌ಬ್ಯಾಕ್ ಕೂಗುವುದೇ ಮೋಸಗೊಳಿಸಲು. ಚೆಂಡು ಅಲ್ಲಾಡಿದ ಕ್ಷಣ ಮೊದಲ ಹೆಜ್ಜೆ. ಅದು ಮೇಲಕ್ಕೆ ಏಳುವ ಹೆಜ್ಜೆಯಾದರೆ ಕೆಲಸ ಕೆಟ್ಟಿತು, ನೆಲ ನುಂಗುವ ಹೆಜ್ಜೆಯಾಗಬೇಕು. ಉದ್ದಕಾಲಿನ ಆಟಗಾರ ಮಡಿಸಿದ ಕಾಲನ್ನು ಬಿಚ್ಚಿಕೊಳ್ಳುವಾಗ ಮೈ ತಾನಾಗಿ ಮೇಲೇಳುತ್ತದೆ. ಐದಡಿ ಹನ್ನೊಂದಿನವರಿಗೆ ಆ ಬಾಧೆ ಕಡಿಮೆ, ಕೂತ ಎತ್ತರದಲ್ಲೇ ಓಡಲು ಬರುತ್ತದೆ.

ಟ್ಯಾಕಲ್ ಹಿಂದಕ್ಕೆ ಜಾರುತ್ತಾ ಕಾಯುತ್ತಿದ್ದಾನೆ. ಮೂರನೇ ಹೆಜ್ಜೆಯ ಹೊತ್ತಿಗೆ ಇಬ್ಬರೂ ಕೈಯಳತೆಗೆ ಬರುತ್ತಾರೆ. ಅವನು ಎರಡೂ ಅಂಗೈಯನ್ನು ರಷರ್‌ನ ಎದೆಗವಚಕ್ಕೆ ಗುದ್ದಬೇಕು. ಅಲ್ಲಿ ತಗುಲಿದರೆ ರಷರ್‌ನ ಆಟ ಮುಗಿಯಿತು. ಈಗ ಎದುರಿಗಿರುವವನ ಎದೆ ತನ್ನ ಸೊಂಟದ ಮಟ್ಟಕ್ಕೆ ಇಳಿದಿದ್ದರೆ? ಮಂಡಿ ಬಗ್ಗಿಸಿ ಕೆಳಗಿಳಿಯುವುದು ಸರಿಯಾದ ಉತ್ತರ. ಆರೂವರೆ ಅಡಿಯ ಆಳು ಆಟದ ಅರವತ್ತನೇ ಸ್ನ್ಯಾಪಿನಲ್ಲಿ ಮಂಡಿ ಬಗ್ಗಿಸುವ ಬದಲು ಸೊಂಟ ಬಗ್ಗಿಸುತ್ತಾನೆ. ಆಗ ತೂಕವೆಲ್ಲ ಕಾಲ್ಬೆರಳಿಗೆ ಬಂತು, ತಲೆ ಪಾದಕ್ಕಿಂತ ಮುಂದೆ ಬಂತು. ರಷರ್ ಅವನ ಮುಂಗೈ ಮೇಲೆ ಒಂದೇಟು ಹಾಕಿ ಕೆಳಕ್ಕೆಳೆದರೆ ಅವನು ತಾನಾಗಿ ಮುಗ್ಗರಿಸುತ್ತಾನೆ. ಗರಡಿಯಲ್ಲಿ ಮಣ್ಣು ಮೆತ್ತಿಸಿಕೊಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ, ಕೆಳಗೆ ಇಳಿದವನಿಗೇ ಪಟ್ಟು.

ಟ್ಯಾಕಲ್ ಎಚ್ಚರವಾಗಿದ್ದು ಹೊರದಾರಿ ಮುಚ್ಚಿದರೆ ಎರಡನೇ ಉಪಾಯ: ನೇರ ಎದೆಗೆ. ಒಳಗೈಯ ಅಂಗೈ ಬುಡವನ್ನು, ಹೆಬ್ಬೆರಳು ಮೇಲೆ ಮಾಡಿ, ಟ್ಯಾಕಲ್‌ನ ಎದೆಮೂಳೆಗೆ ಒತ್ತಿ ಮೊಣಕೈ ನೆಟ್ಟಗೆ ಮಾಡಬೇಕು. ‘ಒಂದು ಕೈ ಎರಡು ಕೈಗಿಂತ ಉದ್ದ’ ಎಂದು ಲೈನ್ ಕೋಚ್‌ಗಳು ಹೇಳುವುದು ಇದನ್ನೇ. ಎರಡೂ ಕೈ ಚಾಚಿದರೆ ಭುಜಗಳು ಸಮ ನಿಲ್ಲುತ್ತವೆ. ಒಂದನ್ನೇ ಚಾಚಿದರೆ ಆ ಭುಜ ಮುಂದೆ ತಿರುಗಿ ಇನ್ನಷ್ಟು ಇಂಚು ಸೇರಿಸುತ್ತದೆ. ಉದ್ದ ತೋಳಿನ ಗಿಡ್ಡ ಆಟಗಾರ ಹೀಗೆ ಒತ್ತಿದಾಗ ಬಲ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, 310 ಪೌಂಡಿನವನ ಹಿಮ್ಮಡಿ ಎದ್ದುಬಿಡುತ್ತದೆ. ಹಿಮ್ಮಡಿ ಎದ್ದ ಮೇಲೆ ತೂಕ ಎಷ್ಟಿದ್ದರೇನು, ತಡೆಯಲು ಆಸರೆಯೇ ಇರುವುದಿಲ್ಲ.

ಕೊನೆಗೆ ತಿರುವು. ಕ್ವಾರ್ಟರ್‌ಬ್ಯಾಕ್ ನಿಂತಿರುವುದು ಗೆರೆಯಿಂದ ಏಳರಿಂದ ಒಂಬತ್ತು ಗಜ ಹಿಂದೆ. ಟ್ಯಾಕಲ್‌ನ ಸೊಂಟ ದಾಟಿದ ಕೂಡಲೇ ರಷರ್ ಒಳಭುಜವನ್ನು ನೆಲದ ಕಡೆ ಇಳಿಸಿ, ಒಳಪಾದದ ತುದಿಯನ್ನು ಕ್ವಾರ್ಟರ್‌ಬ್ಯಾಕ್ ಕಡೆಗೆ ತಿರುಗಿಸಬೇಕು. ಪಾದ ನೇರ ಮುಂದಕ್ಕಿದ್ದರೆ ಎಷ್ಟು ವೇಗವಿದ್ದರೂ ಅವನು ಗುರಿ ದಾಟಿ ಹಿಂದಕ್ಕೆ ಹೋಗಿಬಿಡುತ್ತಾನೆ, ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಬಂದು ನಿರಾಳವಾಗಿ ಎಸೆಯುತ್ತಾನೆ. ಕಣಕಾಲು ಎಷ್ಟು ಬಗ್ಗುತ್ತದೆ ಎಂಬುದರ ಮೇಲೆ ಈ ತಿರುವಿನ ಅಗಲ ನಿಂತಿದೆ. ಕಾಲೇಜು ಆಟದ ವಿಡಿಯೊ ನೋಡುವವರು ಸ್ಯಾಕ್ ಆಯಿತೋ ಇಲ್ಲವೋ ಎಂದು ನೋಡುವುದಕ್ಕಿಂತ, ಪ್ರತಿ ಸಲ ಆ ಒಳಪಾದ ಎತ್ತ ತಿರುಗಿತ್ತು ಎಂದು ನೋಡುವುದು ಲೇಸು.

ಎತ್ತರ ನಿಜವಾಗಿಯೂ ಕಾಡುವ ಜಾಗಗಳು

ಎಲ್ಲ ಸ್ನ್ಯಾಪೂ ಪಾಸ್ ಅಲ್ಲ. ಚೆಂಡು ಹಿಡಿದು ಓಡುವ ಆಟದಲ್ಲಿ ಎಂಡ್‌ನ ಕೆಲಸ ನುಗ್ಗುವುದಲ್ಲ, ಅಂಚಿನಲ್ಲಿ ಗೋಡೆಯಾಗಿ ನಿಂತು ಓಟಗಾರನನ್ನು ಒಳಗೆ ತಿರುಗಿಸುವುದು. ಅಲ್ಲಿ ಟ್ಯಾಕಲ್ ಹಿಂದಕ್ಕೆ ಜಾರುವುದಿಲ್ಲ, ಮೈಮೇಲೆ ಬರುತ್ತಾನೆ. ಪಕ್ಕದಿಂದ ಟೈಟ್ ಎಂಡ್ ಕೂಡ ಸೇರಿಕೊಂಡರೆ 550 ಪೌಂಡಿಗೂ ಹೆಚ್ಚು ತೂಕ ಒಟ್ಟಿಗೆ ಒತ್ತುತ್ತದೆ. ಎದುರಾಳಿಯನ್ನು ತೋಳಿನಳತೆಯಲ್ಲಿ ಹಿಡಿದು ಅವನ ಭುಜದ ಮೇಲಿಂದ ಓಟಗಾರ ಎತ್ತ ಬರುತ್ತಾನೆ ಎಂದು ನೋಡಬೇಕಾದ ಹೊತ್ತು ಅದು. ಐದಡಿ ಹನ್ನೊಂದಿನವರಿಗೆ ಮೇಲಿಂದ ಕಾಣುವುದಿಲ್ಲ, ಪಕ್ಕದಿಂದ ಇಣುಕಬೇಕು. ಇಣುಕಿದ ಬದಿಗೇ ಟ್ಯಾಕಲ್ ಅವರನ್ನು ತಳ್ಳಿಕೊಂಡು ಹೋಗುತ್ತಾನೆ.

ಇನ್ನೊಂದು ತೊಂದರೆ ತಿರುವಿನಲ್ಲೇ ಇದೆ. ಬಾಗಿ ಓಡುವ ದೇಹಕ್ಕೆ ನೆಲದ ಹಿಡಿತ ಕಡಿಮೆ. ಆಗ ರನ್ನಿಂಗ್ ಬ್ಯಾಕ್ (ಎದುರಾಳಿ ತಂಡದ ಓಟಗಾರ) ಹಾದುಹೋಗುತ್ತಾ ಪಕ್ಕೆಗೆ ಒಂದು ಭುಜ ಕೊಟ್ಟರೆ ಸಾಕು, ರಷರ್ ನೆಲಕ್ಕೆ. ಎಸೆದ ಚೆಂಡನ್ನು ಗಾಳಿಯಲ್ಲೇ ಕೈಯೆತ್ತಿ ತಡೆಯುವ ವರ ಕೂಡ ಎತ್ತರದವರಿಗೇ.

ಆದ್ದರಿಂದ 2006ರಲ್ಲಿ ‘ಮೂರೂ ಡೌನ್‌ನಲ್ಲಿ ಕೈ ನೆಲಕ್ಕೂರಿ ಆಡುವ ಎಂಡ್ ಆಗಲಾರ’ ಎಂದು ಯಾರಾದರೂ ಬರೆದಿದ್ದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ‘ಆದ್ದರಿಂದ ನಾಲ್ಕನೇ ಸುತ್ತಿನವರೆಗೆ ಬೇಡ’ ಎಂಬ ಎರಡನೇ ಅರ್ಧವೇ ಎಡವಟ್ಟು. ತಂಡಗಳು ಡ್ರಾಫ್ಟ್ ಅದಲುಬದಲಿಗೆ ಬಳಸುತ್ತಿದ್ದ ಹಳೆಯ ಬೆಲೆಪಟ್ಟಿಯಲ್ಲಿ ಮೊದಲ ಆಯ್ಕೆಗೆ 3000 ಅಂಕ, 126ನೆಯದಕ್ಕೆ 50ಕ್ಕೂ ಕಡಿಮೆ. ಬರೀ ಪಾಸ್ ಡೌನ್‌ಗಳಲ್ಲಿ ಆಡುವ ಆಳೇ ಆದರೂ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವವನಿಗೆ ಅದು ತೀರ ಅಗ್ಗ. ಅವರ ಮುಂದೆ ಉದಾಹರಣೆಯೂ ಇತ್ತು: 6 ಅಡಿ 1 ಇಂಚಿನ ಡ್ವೈಟ್ ಫ್ರೀನಿ 2002ರಿಂದ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನಲ್ಲಿ ಟ್ಯಾಕಲ್‌ಗಳನ್ನು ಬುಗುರಿಯಂತೆ ಸುತ್ತಿಸುತ್ತಿದ್ದರು. ಅವರ ಜೊತೆಗಾರ ರಾಬರ್ಟ್ ಮ್ಯಾಥಿಸ್ 2003ರಲ್ಲಿ ಐದನೇ ಸುತ್ತಿನಲ್ಲಿ ಬಂದವರು.

ಡೆನ್ವರ್: ಪಾತ್ರ ಹುಡುಕಿದ ಮೂರು ವರ್ಷ

ಬ್ರಾಂಕೋಸ್ ಕೋಚ್ ಮೈಕ್ ಶಾನಹನ್ ಮೊದಲ ವರ್ಷ ಅವರನ್ನು ಹೆಚ್ಚಾಗಿ ಪಾಸ್ ಖಚಿತವಿರುವ ಹೊತ್ತಿಗಷ್ಟೇ ಇಳಿಸಿದರು. ಫಲ 8.5 ಸ್ಯಾಕ್. 2007ರಲ್ಲಿ ಶುರುವಿನಿಂದ ಆಡುವ ಎಂಡ್ ಆದರು, 12.5. ನಮ್ಮ ವಾದಕ್ಕೆ ಅಡ್ಡ ಬರುವ ಅಂಕಿ ಇದು, ಮುಚ್ಚಿಡುವುದು ಸರಿಯಲ್ಲ. ಪೂರ್ಣಾವಧಿ ಕೆಲಸದಲ್ಲೂ ಅವರಿಂದ ಆಗುತ್ತಿತ್ತು. ಆದರೆ ಮರುವರ್ಷ ಅದೇ ಕೆಲಸದಲ್ಲಿ 5ಕ್ಕೆ ಇಳಿಯಿತು. ಒಂದು ಸಲ ಆದದ್ದು ವರ್ಷವರ್ಷವೂ ಆಗುತ್ತದೆಯೇ ಎಂಬುದೇ ಪ್ರಶ್ನೆ, ಇಲ್ಲಿ ಆಗಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಡೂಮರ್ವಿಲ್ 8.5 ಸ್ಯಾಕ್ ಮಾಡಿ ತೋರಿಸಿದ ಮರುವರ್ಷವೇ ಡೆನ್ವರ್ ತನ್ನ ಮೊದಲ ಸುತ್ತಿನ ಆಯ್ಕೆಯನ್ನು, 17ನೇ ಸ್ಥಾನವನ್ನು, ಫ್ಲೋರಿಡಾದ ಜಾರ್ವಿಸ್ ಮಾಸ್‌ಗೆ ಕೊಟ್ಟಿತು. ಮಾಸ್ ಆರೂವರೆ ಅಡಿಯ ಎಂಡ್, ಪಟ್ಟಿಯ ಅಚ್ಚಿಗೆ ಸರಿಯಾಗಿ ಕೂರುವ ದೇಹ. ಅವರು ಅಲ್ಲಿ ನೆಲೆ ಕಾಣಲೇ ಇಲ್ಲ, 2010ರಲ್ಲಿ ತಂಡ ಅವರನ್ನು ಬಿಟ್ಟುಕೊಟ್ಟಿತು. ಒಂದೇ ಕಚೇರಿ, ಒಂದೇ ಸ್ಥಾನ, ಹನ್ನೆರಡು ತಿಂಗಳ ಅಂತರ. ತಮ್ಮ ಅಂಗಳದಲ್ಲೇ ಉತ್ತರ ಓಡಾಡುತ್ತಿದ್ದರೂ ಹಳೆಯ ಅಳತೆಗೋಲು ಕೈಬಿಡುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಕಾಣುತ್ತದೆ.

2009ರಲ್ಲಿ ಎಲ್ಲ ಬದಲಾಯಿತು. ಹೊಸ ಕೋಚ್ ಜಾಶ್ ಮೆಕ್‌ಡೇನಿಯಲ್ಸ್, ರಕ್ಷಣೆಯ ಹೊಣೆಗೆ ಮೈಕ್ ನೋಲನ್. ನಾಲ್ಕು ಲೈನ್‌ಮನ್ (ಮುಂದಿನ ಸಾಲಿನವರು), ಮೂರು ಲೈನ್‌ಬ್ಯಾಕರ್ (ಅವರ ಹಿಂದೆ ನಿಲ್ಲುವವರು) ಇದ್ದ ರಚನೆ ಮೂರು ಮತ್ತು ನಾಲ್ಕಾಯಿತು. ಡೂಮರ್ವಿಲ್ ನೆಲದಿಂದ ಕೈಯೆತ್ತಿ, ನಿಂತು ಆಡುವ ಔಟ್‌ಸೈಡ್ ಲೈನ್‌ಬ್ಯಾಕರ್ ಆದರು. ನಿಂತದ್ದರಿಂದ ಚೆಂಡು ಎಲ್ಲಿದೆ ಎಂದು ಮೊದಲೇ ಕಾಣುತ್ತದೆ. ಟ್ಯಾಕಲ್‌ನಿಂದ ಇನ್ನಷ್ಟು ದೂರ ನಿಲ್ಲಬಹುದು, ಹಾಗಾಗಿ ಡಿಕ್ಕಿಗೆ ಮೊದಲು ವೇಗ ಕೂಡುತ್ತದೆ. ಒಳಗಿನ ಭಾರವನ್ನು ಮೂವರು ದೊಡ್ಡ ಲೈನ್‌ಮನ್‌ಗಳು ಹೊರುತ್ತಾರೆ. ಎರಡನೇ ವಾರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎದುರು ಒಂದೇ ಪಂದ್ಯದಲ್ಲಿ 4 ಸ್ಯಾಕ್. ಋತು ಮುಗಿದಾಗ 17, ಇಡೀ ಲೀಗಿನಲ್ಲಿ ಅತಿ ಹೆಚ್ಚು. ನಾಲ್ಕು ವರ್ಷ ಹಿಂದೆ ಕಾಲೇಜು ಆಟದಲ್ಲಿ ಇದ್ದ ಸ್ಥಾನಕ್ಕೆ ವೃತ್ತಿಪರ ಆಟದಲ್ಲೂ ಬಂದು ನಿಂತಿದ್ದರು. ಮೈಯಳತೆ ಒಂದಿಂಚೂ ಬದಲಾಗಿರಲಿಲ್ಲ.

2010ರ ಬೇಸಿಗೆಯಲ್ಲಿ ಆರು ವರ್ಷಕ್ಕೆ 61.5 ಮಿಲಿಯನ್ ಡಾಲರ್ ಒಪ್ಪಂದ. ಕೆಲವೇ ವಾರಕ್ಕೆ ಅಭ್ಯಾಸದಲ್ಲಿ ಎದೆಯ ದೊಡ್ಡ ಸ್ನಾಯು ಹರಿಯಿತು, ಆ ಋತು ಪೂರ್ತಿ ಹೋಯಿತು. ತೋಳು ಚಾಚಿ ಭಾರ ತಳ್ಳುವುದೇ ಕಸುಬಾದವರಿಗೆ ಈ ಗಾಯ ಬೇಗ ಬರುತ್ತದೆ, ವಾಸಿಯಾದ ಮೇಲೂ ಮೊದಲಿನ ತಳ್ಳು ಮರಳಲು ಸಮಯ ಹಿಡಿಯುತ್ತದೆ. 2011ರಲ್ಲಿ ಜಾನ್ ಫಾಕ್ಸ್ ಬಂದು ಮತ್ತೆ ನಾಲ್ಕು ಲೈನ್‌ಮನ್ ರಚನೆ ತಂದರು. ಎದುರಂಚಿಗೆ ವಾನ್ ಮಿಲ್ಲರ್ ಸೇರಿದರು. ಡೂಮರ್ವಿಲ್ 9.5, ಮರುವರ್ಷ 11. 2013ರ ಮಾರ್ಚ್ 15ರಂದು, ಸಂಬಳ 12ರಿಂದ 8 ಮಿಲಿಯನ್‌ಗೆ ಇಳಿಸಿಕೊಳ್ಳಲು ಒಪ್ಪಿ ಸಹಿ ಹಾಕಿದ ಕಾಗದ ಫ್ಯಾಕ್ಸ್‌ನಲ್ಲಿ ಗಡುವು ಮೀರಿ ತಲುಪಿತು, ಡೆನ್ವರ್ ಅವರನ್ನು ಬಿಡುಗಡೆ ಮಾಡಬೇಕಾಯಿತು. ಈ ಫ್ಯಾಕ್ಸ್ ಕತೆಯನ್ನೇ ಜನ ಹೆಚ್ಚು ನೆನಪಿಟ್ಟುಕೊಂಡಿದ್ದಾರೆ. ನಮ್ಮ ವಿಷಯಕ್ಕೆ ಅದರಿಂದ ಬೇಕಾದದ್ದು ಇಷ್ಟೇ, ಅವರು ಬಾಲ್ಟಿಮೋರ್‌ಗೆ ಹೋದರು.

ಬಾಲ್ಟಿಮೋರ್: 17, ಆಮೇಲೆ 6

ಪ್ರಕರಣದ ತಿರುಳು ಇಲ್ಲಿದೆ. ರೇವನ್ಸ್ ತಂಡ 2014ರಲ್ಲಿ ಡೂಮರ್ವಿಲ್ ಅವರನ್ನು ಬೇಕೆಂದೇ ಅರೆಕಾಲಿಕರಂತೆ ಬಳಸಿತು. ಎದುರಾಳಿ ಚೆಂಡು ಹಿಡಿದು ಓಡುವ ಸಂಭವ ಹೆಚ್ಚಿರುವ ಮೊದಲ ಎರಡು ಡೌನ್‌ಗೆ ಆ ಬದಿಯಲ್ಲಿ ಕೋರ್ಟ್ನಿ ಅಪ್‌ಶಾ ಎಂಬ ದಪ್ಪ ಮೈಯ ಲೈನ್‌ಬ್ಯಾಕರ್. ಪಾಸ್ ಬರುತ್ತದೆ ಎಂದಾದಾಗ ಅವರು ಹೊರಕ್ಕೆ, ಡೂಮರ್ವಿಲ್ ಒಳಕ್ಕೆ. ಎದುರಂಚಿನಲ್ಲಿ ಟೆರೆಲ್ ಸಗ್ಸ್, ಹೌದು, ಕಾಲೇಜಿನಲ್ಲಿ 24 ಮಾಡಿದ ಅದೇ ಸಗ್ಸ್. ಇಬ್ಬರಲ್ಲಿ ಯಾರ ಕಡೆಗೆ ಹೆಚ್ಚುವರಿ ಆಳು ಕಳಿಸಬೇಕೆಂಬ ಚಿಂತೆ ಎದುರಾಳಿಗೆ ಬಿಟ್ಟದ್ದು. ಆ ಋತು ಸಗ್ಸ್ 12, ಡೂಮರ್ವಿಲ್ 17. ಅದು ರೇವನ್ಸ್ ತಂಡದ ಒಂದು ಋತುವಿನ ದಾಖಲೆಯಾಯಿತು. ಮೂವತ್ತು ವಯಸ್ಸಿನಲ್ಲಿ, ಶುರುವಿನ ಹನ್ನೊಂದರಲ್ಲಿ ಹೆಚ್ಚು ಸಲ ಹೆಸರಿಲ್ಲದೆ, ತಮ್ಮ ಅತ್ಯುತ್ತಮ ಋತುವಿನ ಅಂಕಿಯನ್ನು ಮತ್ತೆ ಮುಟ್ಟಿದರು.

2015ರ ಮೊದಲ ಪಂದ್ಯದಲ್ಲೇ ಸಗ್ಸ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಡೂಮರ್ವಿಲ್ ಮೂರೂ ಡೌನ್ ಆಡಬೇಕಾಯಿತು. ಸ್ನ್ಯಾಪ್ ಹೆಚ್ಚಾಯಿತು, ಸ್ಯಾಕ್ 6ಕ್ಕೆ ಇಳಿಯಿತು. ಇದಕ್ಕೆ ಎರಡು ಕಾರಣ ಒಟ್ಟಿಗೆ ಹೆಣೆದುಕೊಂಡಿವೆ, ಒಂದನ್ನೇ ಎತ್ತಿ ಹೇಳುವುದು ಮೋಸವಾಗುತ್ತದೆ. ಎದುರಂಚು ಬರಿದಾದ್ದರಿಂದ ಟೈಟ್ ಎಂಡ್, ರನ್ನಿಂಗ್ ಬ್ಯಾಕ್ ಎಲ್ಲರೂ ಇವರ ಕಡೆಗೇ ಜರುಗಿದರು. ಜೊತೆಗೆ ಓಟದ ಡೌನ್‌ಗಳಲ್ಲಿ 300 ಪೌಂಡಿನವರ ಜೊತೆ ಗುದ್ದಾಡಿದ ಕಾಲು ಮೂರನೇ ಡೌನ್‌ಗೆ ಬರುವ ಹೊತ್ತಿಗೆ ಆ ಮೊದಲ ಹೆಜ್ಜೆಯ ಕಸುವು ಕಳೆದುಕೊಂಡಿತ್ತು. ತಗ್ಗಿ ಆಡುವುದಕ್ಕೆ ತೊಡೆಯ ಶಕ್ತಿ ಬೇಕು. ದಣಿದ ತೊಡೆ ಮೊದಲು ಮಾಡುವುದೇ ಮೈಯನ್ನು ಎರಡು ಇಂಚು ಮೇಲಕ್ಕೆ ಎತ್ತುವುದು. ಎತ್ತರದ ಆಟಗಾರನಿಗೆ ಆ ಎರಡು ಇಂಚು ನಡೆಯುತ್ತದೆ. ಡೂಮರ್ವಿಲ್ ಅವರ ಬಂಡವಾಳವೇ ಆ ಎರಡು ಇಂಚು.

ಇಂಥ ಆಟಗಾರ ಇವತ್ತು ಎದುರಾದರೆ

ಕಡತ ಬರೆಯುವ ಕ್ರಮ ಹೀಗಿರಬೇಕು ಎಂದು ನಮಗನಿಸುತ್ತದೆ. ಎತ್ತರದ ಪಕ್ಕದಲ್ಲೇ ತೋಳಿನ ಅಳತೆ ಬರೆಯಿರಿ, ಎರಡನ್ನೂ ಬೇರೆ ಬೇರೆ ಪುಟದಲ್ಲಿ ಇಡಬೇಡಿ. ಅತ್ಯುತ್ತಮ ಒಂದು ಪಂದ್ಯವನ್ನು ಕಳೆದು ಸರಾಸರಿ ತೆಗೆಯಿರಿ. ಪ್ರತಿ ಸ್ಯಾಕನ್ನೂ ಗಡಿಯಾರ ಹಿಡಿದು ನೋಡಿ, ಮೂರು ಸೆಕೆಂಡಿನೊಳಗೆ ಆದದ್ದು ಆಟಗಾರನದು, ಅದಾದ ಮೇಲಿನವುಗಳಲ್ಲಿ ಅರ್ಧ ಶ್ರೇಯ ಹಿಂದೆ ಕಾಯುತ್ತಿದ್ದವರದು. ಸ್ಯಾಕ್ ಆಗದ ಸ್ನ್ಯಾಪ್‌ಗಳನ್ನು ಇನ್ನೂ ಗಮನವಿಟ್ಟು ನೋಡಿ: ಮೊದಲ ಉಪಾಯ ಸೋತಾಗ ಎರಡನೆಯದು ಇತ್ತೇ, ಅಥವಾ ಟ್ಯಾಕಲ್‌ನ ಎದೆಗೆ ಅಂಟಿಕೊಂಡು ನಿಂತುಬಿಟ್ಟನೇ? ಕಾಲೇಜಿನಲ್ಲಿ ಬರೀ ವೇಗದಿಂದ ಗೆದ್ದವನು ಎರಡನೇ ಉಪಾಯ ಕಲಿತಿರುವುದೇ ಇಲ್ಲ, ವೃತ್ತಿಪರ ಆಟದ ಮೊದಲ ತಿಂಗಳಲ್ಲೇ ಅದು ಬಯಲಾಗುತ್ತದೆ.

ನಾಲ್ಕನೇ ಕಾಲುಭಾಗದ ಸ್ನ್ಯಾಪ್‌ಗಳನ್ನು ಪ್ರತ್ಯೇಕ ಮಾಡಿ, ಭುಜದ ಎತ್ತರವನ್ನು ಮೊದಲ ಕಾಲುಭಾಗದ ಜೊತೆ ಹೋಲಿಸಿ. ಪರದೆಯ ಮೇಲೆ ಒಂದು ಅಡ್ಡಗೆರೆ ಎಳೆದರೆ ಸಾಕು, ವಿಶೇಷ ಉಪಕರಣ ಬೇಡ. ಅದು ಏರಿದ್ದರೆ ಈ ಆಟಗಾರನಿಗೆ ಪಂದ್ಯಕ್ಕೆ ಎಷ್ಟು ಸ್ನ್ಯಾಪ್ ಕೊಡಬೇಕೆಂಬ ಮಿತಿ ಅಲ್ಲೇ ಸಿಕ್ಕಿತು.

ಎಲ್ಲ ಆದ ಮೇಲೆ ನಮ್ಮ ತಂಡದಲ್ಲಿ ಅವನು ನಿಲ್ಲುವ ಜಾಗ ಯಾವುದು ಎಂದು ಬರೆಯಬೇಕು, ಅದು ಇಲ್ಲದಿದ್ದರೆ ಸುತ್ತು ಯಾವುದೆಂದು ಬರೆಯಲೇಬಾರದು. ಮೂವರು ಲೈನ್‌ಮನ್ ರಚನೆಯ ತಂಡದಲ್ಲಿ, ಎದುರಂಚಿಗೆ ಒಬ್ಬ ಹೆಸರುವಾಸಿ ರಷರ್ ಇದ್ದು, ಓಟದ ಡೌನ್‌ಗೆ ಬೇರೆ ಆಳಿದ್ದರೆ ಡೂಮರ್ವಿಲ್ ಮೊದಲ ಸುತ್ತಿನ ಕೊನೆಗೆ ಯೋಗ್ಯ. ನಾಲ್ವರು ಲೈನ್‌ಮನ್ ಇಟ್ಟುಕೊಂಡು ಎಂಡ್‌ಗಳನ್ನು ಅದಲುಬದಲು ಮಾಡದ ತಂಡಕ್ಕೆ ಮೂರನೇ ಸುತ್ತು. 2006ರಲ್ಲಿ 126ನೇ ಸ್ಥಾನ ಎರಡೂ ಲೆಕ್ಕಕ್ಕೆ ಕಡಿಮೆಯೇ.

ಡೂಮರ್ವಿಲ್ ಅವರ ಕೊನೆಯ ಋತು 2017, ಸ್ಯಾನ್ ಫ್ರಾನ್ಸಿಸ್ಕೊದ ಫೋರ್ಟಿನೈನರ್ಸ್ ಜೊತೆ. ಹಿಂದಿನ ವರ್ಷ ಪಾದದ ಗಾಯದಿಂದ ಬಾಲ್ಟಿಮೋರ್‌ನಲ್ಲಿ 3 ಸ್ಯಾಕ್‌ಗೆ ನಿಂತಿದ್ದರು. ವಯಸ್ಸು 33. ಹೊಸ ತಂಡ ಅವರನ್ನು ಮತ್ತೆ ಪಾಸ್ ಡೌನ್‌ಗೆ ಮಾತ್ರ ಇಳಿಸಿತು. 6.5 ಸ್ಯಾಕ್ ಬಂದವು.